ದೇಶಾಭಿಮಾನ ಮತ್ತು ಮೇಲರಿಮೆ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಮೇಷ್ಟ್ರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಯ ಶಾಲೆಗಳಲ್ಲಿ ಚರಿತ್ರೆ ಕಲಿಸಿದವರು. ನನ್ನನ್ನು ಆಹ್ವಾನಿಸಲು ಬಂದಿದ್ದ ಅವರ ಮಗಳು ಒಂದು ಮಾತು ಹೇಳಿದರು. ಅಪ್ಪ ಭಾರತದ ಭೂಪಟವನ್ನು ನೋಡದೆಯೇ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಬರೆದಾದ ಮೇಲೆ ಸುತ್ತಲಿನ ದೇಶಗಳ ಗೆರೆಗಳನ್ನೂ ಎಳೆದೇ ಚಾಕ್‌ಪೀಸ್ ಕೆಳಗಿಡುತ್ತಿದ್ದರಂತೆ. ಇಂದಿನ ವಿಷಯ ನನಗೆ ಹೊಳೆದದ್ದು ಆ ಮಾತಿನಿಂದ.

ಹಲವು ವರ್ಷಗಳಿಂದ ಒಂದು ಸಂದೇಶ ಫೋನಿನಿಂದ ಫೋನಿಗೆ ಹರಿಯುತ್ತಿದೆ. ‘ಜನ ಗಣ ಮನ’ ಜಗತ್ತಿನಲ್ಲೇ ಅತ್ಯುತ್ತಮ ರಾಷ್ಟ್ರಗೀತೆ ಎಂದು ಯುನೆಸ್ಕೊ ಘೋಷಿಸಿದೆ, ಭಾರತೀಯರೆಲ್ಲರಿಗೂ ಅಭಿನಂದನೆ ಎಂದು ಅದರಲ್ಲಿರುತ್ತದೆ. ಯುನೆಸ್ಕೊ ಅಂಥ ಘೋಷಣೆಯನ್ನು ಎಂದೂ ಮಾಡಿಲ್ಲ. ನನಗೆ ಅದನ್ನು ಕಳಿಸಿದವರೆಲ್ಲ ಒಳ್ಳೆಯ ಜನ. ಆ ಹಾಡು ಕೇಳಿದರೆ ಎದ್ದು ನಿಲ್ಲುವವರು, ಎದ್ದು ನಿಂತಾಗ ಗಂಟಲು ಬಿಗಿಯುವವರು. ನನಗೂ ಹಾಗೇ ಆಗುತ್ತದೆ. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಿದ್ದು, 1950ರ ಜನವರಿ 24ರಂದು ರಾಷ್ಟ್ರಗೀತೆಯಾದದ್ದು. ಅದನ್ನು ಬರೆದ ಕವಿ ಅದರ ಇಂಗ್ಲಿಷ್ ರೂಪವನ್ನು 1919ರಲ್ಲಿ ಸಿದ್ಧಮಾಡಿದ್ದು ನಮ್ಮ ಕೋಲಾರದ ಗಡಿಯಾಚೆಗಿನ ಮದನಪಲ್ಲಿಯಲ್ಲಿ. ಇಷ್ಟು ಹತ್ತಿರದ, ಇಷ್ಟು ನಮ್ಮದಾದ ಹಾಡಿಗೆ ಪ್ಯಾರಿಸ್ಸಿನ ಕಚೇರಿಯೊಂದರ ಮುದ್ರೆ ಯಾಕೆ ಬೇಕಾಯಿತು? ಹಾಡು ಚೆನ್ನಾಗಿದೆ ಎಂಬಷ್ಟಕ್ಕೆ ಮನಸ್ಸು ತುಂಬಲಿಲ್ಲ. ಉಳಿದ ದೇಶಗಳವರ ಹಾಡು ಇದಕ್ಕಿಂತ ಕೆಳಗೆ ಎಂದು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳದಿದ್ದಾಗ ನಾವೇ ಹೇಳಿಸಿದೆವು.

ಎರಡು ಪದಗಳ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಸಂಸ್ಕೃತದಲ್ಲಿ ‘ಅಭಿಮಾನ’ ಎಂದರೆ ಗರ್ವ, ಅಹಂಕಾರ ಎಂಬ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಕನ್ನಡದ ಬಾಯಿಗೆ ಬಂದ ಮೇಲೆ ಅದು ಮೆತ್ತಗಾಯಿತು, ಪ್ರೀತಿಯ ಕಡೆಗೆ ಹೊರಳಿತು. ರಾಜ್‌ಕುಮಾರ್ ತಮ್ಮನ್ನು ಮೆಚ್ಚಿದವರನ್ನು ಅಭಿಮಾನಿ ದೇವರುಗಳೆಂದು ಕರೆದಾಗ ಅದರಲ್ಲಿ ಗರ್ವದ ಸುಳಿವಿಲ್ಲ. ಇನ್ನೊಂದು ಪದ ‘ಮೇಲರಿಮೆ’. ‘ಕೀಳರಿಮೆ’ಯ ಜೊತೆಹುಟ್ಟು ಅದು. ಎರಡಕ್ಕೂ ಒಂದು ಏಣಿ ಬೇಕು. ತನ್ನ ಮೇಲೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ ಎಂದು ನೋಡಿಕೊಳ್ಳದೆ ಏಣಿಯ ಮೇಲಿರುವವನಿಗೆ ತಾನೆಲ್ಲಿದ್ದೇನೆಂದೇ ತಿಳಿಯದು. ತನ್ನ ಊರನ್ನು, ಮಣ್ಣನ್ನು, ಮಾತನ್ನು ಪ್ರೀತಿಸುವವನಿಗೆ ಏಣಿ ಬೇಡ. ಅವನು ನೆಲದ ಮೇಲೇ ಇದ್ದಾನೆ. ಪಕ್ಕದ ದೇಶ ಏಳಲಿ ಬೀಳಲಿ, ಅವನ ಪ್ರೀತಿ ತೂಕದಲ್ಲಿ ಹೆಚ್ಚು ಕಡಿಮೆಯಾಗುವುದಿಲ್ಲ. ಈ ಎರಡು ಭಾವಗಳು ಹೊರಗಿನಿಂದ ಒಂದೇ ಬಟ್ಟೆ ತೊಟ್ಟು ಓಡಾಡುತ್ತವೆ. ಒಂದೇ ಬಾವುಟ ಹಿಡಿಯುತ್ತವೆ, ಒಂದೇ ಹಾಡು ಹಾಡುತ್ತವೆ. ಆದ್ದರಿಂದಲೇ ಒಂದು ದೇಶ ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಗಳಿಗೆಯನ್ನು ಆ ದೇಶದವರೇ ಗುರುತಿಸುವುದು ಕಷ್ಟ. ಅಂಥ ದಾಟುವಿಕೆಯೊಂದನ್ನು ಹತ್ತಿರದಿಂದ ನೋಡಿ ಮರುಗಿದವರು ಆ ರಾಷ್ಟ್ರಗೀತೆಯ ಕವಿ ರವೀಂದ್ರನಾಥ ಠಾಕೂರರೇ.

ಅವರು ಜಪಾನಿಗೆ ಹೋದದ್ದು 1916ರ ಮೇ ತಿಂಗಳ ಕೊನೆಗೆ. ನೊಬೆಲ್ ಬಂದು ಇನ್ನೂ ಮೂರು ವರ್ಷವಾಗಿರಲಿಲ್ಲ. ಜನ ಕಿಕ್ಕಿರಿದು ಸ್ವಾಗತಿಸಿದರು. ಅವರಿಗೂ ಜಪಾನೆಂದರೆ ನಿಜವಾದ ಪ್ರೀತಿ. ಹೂ ಜೋಡಿಸುವುದರಲ್ಲಿ, ಚಹಾ ಕೊಡುವುದರಲ್ಲಿ, ಮೂರೇ ಸಾಲಿನ ಹಾಯ್ಕುವಿನಲ್ಲಿ ಆ ಜನ ತೋರುವ ಮಿತವ್ಯಯದ ಸೌಂದರ್ಯವನ್ನು ಅವರು ಪ್ರವಾಸಕಥನದಲ್ಲಿ ಮನತುಂಬಿ ಬರೆದಿದ್ದಾರೆ. ಆದರೆ ಉಪನ್ಯಾಸಗಳಲ್ಲಿ, ಪಶ್ಚಿಮದ ಆಕ್ರಮಣಶೀಲ ರಾಷ್ಟ್ರೀಯತೆಯನ್ನು ನೀವು ಗುರುವೆಂದು ಒಪ್ಪಿಕೊಳ್ಳಬೇಡಿ ಎಂದು ಎಚ್ಚರಿಸಿದರು. ಸ್ವಾಗತದ ಬಿಸಿ ಬೇಗ ಆರಿತು. ಸೋತ ದೇಶದ ಕವಿಯಿಂದ ಗೆದ್ದ ದೇಶ ಕಲಿಯುವುದೇನಿದೆ ಎಂಬ ಮಾತು ಪತ್ರಿಕೆಗಳಲ್ಲಿ ಬಂತು.

ಜಪಾನನ್ನು ಸುಮ್ಮನೆ ದೂರುವುದು ನನ್ನ ಉದ್ದೇಶವಲ್ಲ. ಅದರ ಅಭಿಮಾನ ಹುಟ್ಟಿದ್ದು ಅವಮಾನದಲ್ಲಿ. 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಅದರ ಕೊಲ್ಲಿಗೆ ಬಂದು ನಿಂತವು; ಮುಂದೆ ಒಂದರ ಹಿಂದೊಂದು ಅಸಮಾನ ಒಪ್ಪಂದಗಳಿಗೆ ಅದು ಸಹಿ ಹಾಕಬೇಕಾಯಿತು. ಆ ಹಂಗಿನಿಂದ ಹೊರಬರಲು ಇಡೀ ನಾಡು ಮೈಮುರಿದು ದುಡಿಯಿತು, ಓದಿತು, ಕಟ್ಟಿತು. 1905ರಲ್ಲಿ ಅದು ರಷ್ಯಾವನ್ನು ಸೋಲಿಸಿದಾಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮವರೂ ಹಿಗ್ಗಿದರು. ಏಷ್ಯಾದವರು ಕೀಳಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಅಲ್ಲಿಯವರೆಗೆ ನಾನೂ ಜಪಾನಿನ ಜೊತೆಗಿದ್ದೇನೆ. ಆದರೆ 1910ರಲ್ಲಿ ಅದು ಕೊರಿಯಾವನ್ನು ನುಂಗಿತು.

1919ರ ಕೆಲವೇ ವಾರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮಾರ್ಚ್ 1ರಂದು ಕೊರಿಯಾದ ಜನ ಸ್ವಾತಂತ್ರ್ಯ ಬೇಕೆಂದು ಬೀದಿಗಿಳಿದರು. ಜಪಾನಿನ ಆಡಳಿತ ಅವರನ್ನು ರಕ್ತ ಹರಿಸಿ ಅಡಗಿಸಿತು. ಏಪ್ರಿಲ್ 11ರಂದು ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಅದೇ ಜಪಾನ್, ರಾಷ್ಟ್ರಸಂಘದ ನಿಯಮಾವಳಿಯಲ್ಲಿ ಸಮಾನತೆಯ ತತ್ವವನ್ನು ಸೇರಿಸಿ, ಬಣ್ಣ ನೋಡಿ ನಮ್ಮನ್ನು ಕೀಳಾಗಿ ಕಾಣಬೇಡಿ ಎಂದು ಕೇಳುತ್ತಿತ್ತು. 17 ಮಂದಿಯ ಸಮಿತಿಯಲ್ಲಿ 11 ಮಂದಿ ಅದನ್ನು ಬೆಂಬಲಿಸಿದರು. ಅಧ್ಯಕ್ಷ ಪೀಠದಲ್ಲಿದ್ದ ಅಮೆರಿಕದ ವಿಲ್ಸನ್ ಸರ್ವಾನುಮತವಿಲ್ಲ ಎಂದು ತಳ್ಳಿಹಾಕಿದರು. ಎರಡು ದಿನ ಕಳೆದು, ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ಬ್ರಿಟಿಷರ ಅಧಿಕಾರಿ ಗುಂಡು ಹಾರಿಸಲು ಆಜ್ಞೆ ಕೊಟ್ಟ. ಮೇ ತಿಂಗಳ ಕೊನೆಗೆ ಠಾಕೂರರು ಸರ್ ಪದವಿಯನ್ನು ಹಿಂದಿರುಗಿಸಿದರು. ಅಂದು ಪ್ಯಾರಿಸ್ಸಿನಲ್ಲಿ ಜಪಾನಿಗೆ ಆದದ್ದು ಅನ್ಯಾಯ, ಅದರಲ್ಲಿ ಸಂಶಯವಿಲ್ಲ. ಆದರೆ ತನಗಿಂತ ಮೇಲಿದ್ದವರ ಹತ್ತಿರ ಅದು ಕೇಳಿದ ಸಮಾನತೆಯನ್ನು ತನ್ನ ಕೈಕೆಳಗಿದ್ದವರಿಗೆ ಕೊಡಲು ಅದಕ್ಕೆ ಮನಸ್ಸಿರಲಿಲ್ಲ. ಅದು ಬೇಡಿದ್ದು ಏಣಿಯ ಮೇಲೆ ಒಂದು ಮೆಟ್ಟಿಲನ್ನು. ಏಣಿಯನ್ನೇ ತೆಗೆಯಿರಿ ಎಂದು ಕೇಳಲಿಲ್ಲ.

ಇದರ ಕೊನೆಯನ್ನು ನಾವು 1938ರ ಕೆಲವು ಪತ್ರಗಳಲ್ಲಿ ಓದಬಹುದು. ಯೋನೆ ನೊಗುಚಿ ಜಪಾನಿನ ಕವಿ. ಹರೆಯದಲ್ಲಿ ಅಮೆರಿಕದಲ್ಲಿ ಬದುಕಿ, ಇಂಗ್ಲಿಷಿನಲ್ಲೂ ಕವಿತೆ ಬರೆದವರು, ಠಾಕೂರರ ಸ್ನೇಹಿತರು, ಮೂವತ್ತರ ದಶಕದ ನಡುವೆ ಭಾರತಕ್ಕೆ ಬಂದು ಶಾಂತಿನಿಕೇತನಕ್ಕೂ ಭೇಟಿಕೊಟ್ಟಿದ್ದರು. ಲೋಕ ನೋಡದವರು, ಪರದೇಶದವರ ಜೊತೆ ಬೆರೆಯದವರು ಮಾತ್ರ ಮೇಲರಿಮೆಗೆ ಬೀಳುತ್ತಾರೆ ಎಂದು ನಾನು ನಂಬಿದ್ದ ಕಾಲವಿತ್ತು. ನೊಗುಚಿಯವರ ಪತ್ರ ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. 1937ರ ಡಿಸೆಂಬರಿನಲ್ಲಿ ಜಪಾನಿನ ಸೇನೆ ನಾನ್‌ಜಿಂಗ್ ನಗರಕ್ಕೆ ನುಗ್ಗಿ ಮಾಡಿದ ಹತ್ಯಾಕಾಂಡ ಮುಗಿದು ಆರೇಳು ತಿಂಗಳಷ್ಟೇ ಆಗಿತ್ತು. ಆಗ ನೊಗುಚಿ ಠಾಕೂರರಿಗೆ ಬರೆದರು: ಚೀನಾದಲ್ಲಿ ನಡೆಯುತ್ತಿರುವುದು ಏಷ್ಯಾಕ್ಕಾಗಿ ಏಷ್ಯಾ ನಡೆಸುತ್ತಿರುವ ಯುದ್ಧ, ಹೊಸ ಲೋಕವೊಂದನ್ನು ಕಟ್ಟಲು ಇದು ಅನಿವಾರ್ಯ, ನೀವು ಇದನ್ನು ಅರ್ಥಮಾಡಿಕೊಳ್ಳಬೇಕು. ಇದನ್ನು ಬರೆದದ್ದು ದುಷ್ಟನಲ್ಲ, ಕವಿ. ನಾಡಿಗಾಗಿ ನಿಜವಾಗಿಯೂ ನೋಯುತ್ತಿದ್ದ ಕವಿ.

ಠಾಕೂರರಿಗೆ ಆಗ ಎಪ್ಪತ್ತೇಳು ವರ್ಷ. ಅವರ ಉತ್ತರದಲ್ಲಿ ದುಃಖ ಎಷ್ಟಿದೆಯೋ ನೇರತನವೂ ಅಷ್ಟೇ ಇದೆ. ತಲೆಬುರುಡೆಗಳ ಗೋಪುರದ ಮೇಲೆ ಎಬ್ಬಿಸುವ ಏಷ್ಯಾ ತನ್ನ ಏಷ್ಯಾ ಅಲ್ಲ ಎಂಬ ಅರ್ಥದಲ್ಲಿ ಬರೆದರು. ತಾನು ಪ್ರೀತಿಸುವ ಜಪಾನೀಯರಿಗೆ ಗೆಲುವನ್ನು ಹಾರೈಸಲಾರೆ, ಪಶ್ಚಾತ್ತಾಪವನ್ನು ಹಾರೈಸುತ್ತೇನೆ ಎಂದು ಮುಗಿಸಿದರು. ಸ್ನೇಹಿತನ ದೇಶಕ್ಕೆ ಹೀಗೆ ಹಾರೈಸಲು ಎಷ್ಟು ಪ್ರೀತಿ ಬೇಕು, ಎಷ್ಟು ಧೈರ್ಯ ಬೇಕು! ಅದೇ 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರನ್ನು ಚೀನಾಕ್ಕೆ ಕಳಿಸಿತು. ಅವರಲ್ಲೊಬ್ಬರು, ಕನ್ನಡವೂ ಕೇಳಿಬರುವ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್, ಮರಳಿ ಬರಲಿಲ್ಲ; ಗಾಯಾಳುಗಳ ಶುಶ್ರೂಷೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿಗೆ, ಅಲ್ಲೇ ತೀರಿಕೊಂಡರು. ಚೀನಾದವರು ಅವರನ್ನು ಇಂದಿಗೂ ನೆನೆಯುತ್ತಾರೆ.

ಇದೆಲ್ಲ ಪರದೇಶದ ಕತೆ, ನಾವು ಯಾವ ದೇಶವನ್ನೂ ನುಂಗಿದವರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಮೇಲರಿಮೆಯಿಂದ ಬೇರೆಯವರಿಗೆ ಆಗುವ ಕೇಡನ್ನು ಇಷ್ಟು ಹೊತ್ತು ಹೇಳಿದೆ. ಅದನ್ನು ಸಾಕಿಕೊಂಡವರಿಗೇ ಆಗುವ ಕೇಡನ್ನು ಹೇಳಲು ಮಾತ್ರ ನಾನು ನಮ್ಮ ಮನೆಗೇ ಬರಬೇಕು.

ಅಲ್‌ಬಿರೂನಿ ಹುಟ್ಟಿದ್ದು 973ರಲ್ಲಿ, ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ. 1017ರಲ್ಲಿ ಘಜ್ನಿಯ ಮಹಮೂದ್ ಆ ಸೀಮೆಯನ್ನು ಗೆದ್ದಾಗ ಈ ವಿದ್ವಾಂಸನನ್ನೂ ಘಜ್ನಿಗೆ ಒಯ್ದ. ಮಹಮೂದ್ ಭಾರತಕ್ಕೆ ಬಂದದ್ದು ಕೊಳ್ಳೆಗೆ. ಅಲ್‌ಬಿರೂನಿ ಬಂದದ್ದು ಕಲಿಯಲು. ಸಂಸ್ಕೃತ ಕಲಿತ, ಪತಂಜಲಿಯ ಯೋಗವನ್ನು ಅರಬ್ಬಿಗೆ ತಂದ, ಪಂಜಾಬಿನ ನಂದನ ಕೋಟೆಯ ಬೆಟ್ಟದ ಮೇಲೆ ನಿಂತು ದಿಗಂತ ಎಷ್ಟು ಇಳಿದು ಕಾಣುತ್ತದೆಂದು ಅಳೆದು ಭೂಮಿಯ ಗಾತ್ರವನ್ನು ಲೆಕ್ಕಹಾಕಿದ. ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ. ಮಹಮೂದನ ದಾಳಿಗಳು ಈ ನಾಡನ್ನು ಹಾಳುಗೆಡವಿದವು, ಇಲ್ಲಿನವರಿಗೆ ನಮ್ಮ ಮೇಲೆ ದ್ವೇಷ ಹುಟ್ಟಲು ಅದೇ ಕಾರಣ ಎಂದು ತನ್ನ ಅರಸನ ಮನೆತನದ ನೆರಳಲ್ಲೇ ಇದ್ದು ಬರೆದವನು ಅವನು. ಇಂಥವನ ಮಾತನ್ನು ಹಗೆಯ ಮಾತೆಂದು ತಳ್ಳುವಂತಿಲ್ಲ.

ಅವನು ಹೇಳುವುದು ಇಷ್ಟು: ಇಲ್ಲಿನ ವಿದ್ವಾಂಸರಿಗೆ ತಮ್ಮ ದೇಶದಂಥ ದೇಶವಿಲ್ಲ, ತಮ್ಮ ಅರಸರಂಥ ಅರಸರಿಲ್ಲ, ತಮ್ಮ ಶಾಸ್ತ್ರದಂಥ ಶಾಸ್ತ್ರವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಮೊದಮೊದಲು ಅವನು ಇಲ್ಲಿನ ಜ್ಯೋತಿಷಿಗಳ ಮುಂದೆ ಶಿಷ್ಯನಂತೆ ಕೂತ. ಆಮೇಲೆ ಖಗೋಳದ ಲೆಕ್ಕಗಳನ್ನು ತಾನೇ ಬಿಡಿಸಿ ತೋರಿಸತೊಡಗಿದಾಗ ಅವರು ಬೆರಗಾಗಿ ಸುತ್ತ ನೆರೆದು, ಇದನ್ನು ನಮ್ಮವರಲ್ಲಿ ಯಾವ ಪಂಡಿತರಿಂದ ಕಲಿತೆ ಎಂದು ಕೇಳಿದರಂತೆ. ಹೊರಗೆಲ್ಲೋ ಕಲಿತಿರಬಹುದು ಎಂಬುದು ಅವರ ಊಹೆಗೇ ಬರಲಿಲ್ಲ. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಚಿತ್ರ ಇಲ್ಲ. ಎದುರಿಗೆ ಕೂತವನು ಆ ಕಾಲದ ಜಗತ್ತಿನ ಬಹುದೊಡ್ಡ ವಿಜ್ಞಾನಿಗಳಲ್ಲೊಬ್ಬ. ಅವನಿಂದ ಕೇಳಿ ತಿಳಿಯಬೇಕಾದದ್ದು ಎಷ್ಟೋ ಇತ್ತು. ಅವರು ಕೇಳಿದ್ದು ಅದೊಂದನ್ನೇ.

ಅಲ್‌ಬಿರೂನಿ ಇನ್ನೊಂದು ಮಾತು ಸೇರಿಸುತ್ತಾನೆ, ಅದನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ: ಇವರ ಪೂರ್ವಿಕರು ಹೀಗಿರಲಿಲ್ಲ. ಸಾಕ್ಷಿಗೆ ಅವನು ವರಾಹಮಿಹಿರನನ್ನು ಕರೆತರುತ್ತಾನೆ. ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಈ ಶಾಸ್ತ್ರದಲ್ಲಿ ನುರಿತವರಾದ್ದರಿಂದ ಪೂಜ್ಯರು ಎಂದು ಆರನೆಯ ಶತಮಾನದ ವರಾಹಮಿಹಿರ ಬರೆದಿದ್ದ. ಅವನು ಸಾರ ಸಂಗ್ರಹಿಸಿದ ಐದು ಸಿದ್ಧಾಂತಗಳಲ್ಲಿ ಒಂದರ ಹೆಸರೇ ರೋಮಕ. ಜಾತಕ ಬರೆಯುವವರ ‘ಹೋರಾ’ ಗ್ರೀಕ್ ಪದ. ನಾವು ದಿನಕ್ಕೆ ಹತ್ತು ಸಲ ಬಳಸುವ ‘ಕೇಂದ್ರ’ವೂ ಗ್ರೀಕ್ ಮೂಲದ್ದು. ಕೇಂದ್ರ ಸರ್ಕಾರ, ಜಿಲ್ಲಾ ಕೇಂದ್ರ, ಆರೋಗ್ಯ ಕೇಂದ್ರ ಎನ್ನುವಾಗ ಆ ಹಳೆಯ ಕೊಡುಕೊಳೆ ನಮ್ಮ ನಾಲಿಗೆಯ ಮೇಲಿರುತ್ತದೆ. ತನ್ನ ವಿದ್ಯೆಯ ಮೇಲೆ ನಿಜವಾದ ಅಭಿಮಾನವಿದ್ದವನಿಗೆ ಹೊರಗಿನದನ್ನು ತೆಗೆದುಕೊಳ್ಳಲು ನಾಚಿಕೆಯಾಗಲಿಲ್ಲ, ಯಾರಿಂದ ತೆಗೆದುಕೊಂಡೆ ಎಂದು ಹೇಳಲೂ ಆಗಲಿಲ್ಲ.

ಅದೇ ಹಳೆಯ ಕಾಲದ ಇನ್ನೊಂದು ಕಡೆಯ ಕತೆಯನ್ನೂ ಕೇಳಿ. 662ರಲ್ಲಿ ಯೂಫ್ರಟಿಸ್ ನದಿಯ ದಡದ ಕ್ರೈಸ್ತ ಮಠವೊಂದರಲ್ಲಿ ಸೆವೆರಸ್ ಸೆಬೋಕ್ತ್ ಎಂಬ ಸಿರಿಯಾದ ಬಿಷಪ್ ಇದ್ದ. ಗ್ರೀಕ್ ಮಾತನಾಡುವವರು ಮಾತ್ರ ವಿಜ್ಞಾನದ ತುದಿ ಮುಟ್ಟಿದವರು ಎಂಬ ಜಂಬವನ್ನು ಅವನಿಗೆ ಸಹಿಸಲಾಗಲಿಲ್ಲ. ಅವನು ಬರೆದ: ಭಾರತೀಯರನ್ನು ನೋಡಿ, ಒಂಬತ್ತು ಚಿಹ್ನೆಗಳಲ್ಲಿ ಅವರು ಮಾಡುವ ಲೆಕ್ಕ ಮಾತಿಗೆ ಮೀರಿದ್ದು. ನಮ್ಮ ಅಂಕಿಗಳ ಬಗ್ಗೆ ಭಾರತದ ಹೊರಗೆ ಸಿಕ್ಕಿರುವ ಅತಿ ಹಳೆಯ ಉಲ್ಲೇಖಗಳಲ್ಲಿ ಇದೊಂದು. ಒಂದು ಜನದ ಮೇಲರಿಮೆಯನ್ನು ಇಳಿಸಲು ಬಳಸಿದ ಆ ಒಂಬತ್ತು ಅಂಕಿಗಳನ್ನೇ ಇವತ್ತು ನಮ್ಮ ಮೇಲರಿಮೆಯನ್ನು ಏರಿಸಲು ಬಳಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಕನ್ನಡಿಗರಾಗಿ ನಮಗೆ ಈ ಪಾಠ ಇನ್ನೂ ಹತ್ತಿರದಲ್ಲೇ ಇದೆ. ಸುಮಾರು 850ರ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹಾಡಿಹೊಗಳುತ್ತದೆ. ಅದೇ ಕೃತಿಯಲ್ಲಿ ಶ್ರೀವಿಜಯ, ಪರರ ವಿಚಾರವನ್ನೂ ಪರರ ಧರ್ಮವನ್ನೂ ತಾಳಿಕೊಳ್ಳಬಲ್ಲುದೇ ನಿಜವಾದ ಕಸವರ, ಅಂದರೆ ಹೊನ್ನು, ಎನ್ನುತ್ತಾನೆ. ನಾಡಿನ ಎಲ್ಲೆಯನ್ನು ಎಳೆದ ಕೈಯೇ ಎಲ್ಲೆಯಾಚೆಯವರಿಗೂ ಜಾಗ ಮಾಡಿತು. ಮೊದಲನೆಯ ಪದ್ಯವನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಅಷ್ಟು ಸಲ ಕೇಳಿಲ್ಲ. 2004ರಲ್ಲಿ ತಮಿಳಿಗೆ, 2008ರಲ್ಲಿ ಕನ್ನಡ ಮತ್ತು ತೆಲುಗಿಗೆ ಶಾಸ್ತ್ರೀಯ ಸ್ಥಾನ ಬಂದಾಗ, ಯಾವುದು ಎಷ್ಟು ಹಳೆಯದು ಎಂಬ ಜಗಳಕ್ಕೆ ಹೋದ ಶಕ್ತಿಯ ಕಾಲು ಭಾಗ ಹಳಗನ್ನಡ ಕಲಿಸುವುದಕ್ಕೆ ಹೋಗಿದ್ದರೆ ಇಂದು ‘ಕವಿರಾಜಮಾರ್ಗ’ವನ್ನು ಓದಬಲ್ಲವರು ನಮ್ಮಲ್ಲಿ ಹೆಚ್ಚಿರುತ್ತಿದ್ದರು.

ಒಂದು ಆಕ್ಷೇಪಣೆಯನ್ನು ನಾನು ಗೌರವದಿಂದ ಎದುರಿಸಬೇಕು. ಮೆಕಾಲೆ 1835ರಲ್ಲಿ, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿಗೆ ಭಾರತ, ಅರೇಬಿಯಾಗಳ ಇಡೀ ಸಾಹಿತ್ಯ ಸಮವಾಗದು ಎಂದು ಬರೆದ. ಆ ಏಟು ತಿಂದ ಜನಕ್ಕೆ ತಮ್ಮ ಹಿರಿಮೆಯನ್ನು ನೆನಪಿಸುವುದು ತಪ್ಪೇ? ಖಂಡಿತ ಅಲ್ಲ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದದ್ದು, ತಮಗೂ ಒಂದು ಇತಿಹಾಸವಿದೆ ಎಂಬುದನ್ನೇ ಮರೆತಿದ್ದ, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಜನಕ್ಕಾಗಿ. ಅದು ಔಷಧ, ಅದು ಕೆಲಸ ಮಾಡಿತು, ಅವರಿಗೆ ನಾವು ಋಣಿಗಳು. ಆದರೆ ಔಷಧವನ್ನು ಮೂರು ಹೊತ್ತಿನ ಊಟ ಮಾಡಿಕೊಂಡವರ ಮೈ ಏನಾಗುತ್ತದೆ ಎಂಬುದನ್ನು ಜಪಾನಿನಲ್ಲಿ ನೋಡಿದೆವು.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಇನ್ನೊಂದು ರೀತಿಯ ಅಭಿಮಾನ ದುಡಿಯುತ್ತಿತ್ತು. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನನ್ನು ಕಂಡುಬಂದಿದ್ದರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಬ್ಯಾಂಕು, ವಿಶ್ವವಿದ್ಯಾನಿಲಯ ಕಟ್ಟಲು ನೆರವಾದರು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಮುಂದುವರಿದ ದೇಶಗಳ ಅಂಕಿಗಳ ಪಕ್ಕದಲ್ಲಿ ಭಾರತದ ಅಂಕಿಗಳನ್ನಿಟ್ಟರು. ಪರರ ಆಳ್ವಿಕೆಯಲ್ಲಿದ್ದ ದೇಶದ ಮಗನಿಗೆ ಆ ಸಾಲುಗಳನ್ನು ಬರೆಯುವಾಗ ನೋವಾಗದೆ ಇದ್ದೀತೆ? ಆದರೂ ಮುಚ್ಚಿಡಲಿಲ್ಲ. ಎಲ್ಲಿ ಹಿಂದಿದ್ದೇವೆಂದು ಅಳೆದರು, ಅಳೆದ ಮೇಲೆ ಕೆಲಸಕ್ಕೆ ಕೂತರು.

ನಾವು ಹಾಗೆ ಅಳೆದು ನೋಡಲು ಹಿಂಜರಿಯುವುದು ದೊಡ್ಡ ದೇಶಗಳ ಜೊತೆಗಲ್ಲ, ಚಿಕ್ಕ ನೆರೆಯವರ ಜೊತೆಗೆ. ನೇಪಾಳದವರು, ಬಾಂಗ್ಲಾದೇಶದವರು ಎಂದೊಡನೆ ನಮ್ಮ ದನಿ ಬದಲಾಗುವುದನ್ನು ಗಮನಿಸಿದ್ದೀರಾ? ಬಾಂಗ್ಲಾದೇಶ ಸರಾಸರಿ ಆಯುಷ್ಯದಲ್ಲಿ ನಮ್ಮನ್ನು ಹಿಂದಿಕ್ಕಿ ಬಹಳ ವರ್ಷಗಳಾದವು. ಅದಕ್ಕೆ ಒಂದು ಕಾರಣ ವಾಂತಿಭೇದಿಯಿಂದ ಸಾಯುವ ಮಕ್ಕಳನ್ನು ಅವರು ಉಳಿಸಿಕೊಂಡ ರೀತಿ. ಉಪ್ಪು ಸಕ್ಕರೆಯ ನೀರು ಕುಡಿಸಿ ಕಾಲರಾ ರೋಗಿಯನ್ನು ಉಳಿಸಬಹುದೆಂದು ಗಟ್ಟಿಯಾಗಿ ತೋರಿಸಿದ ಪ್ರಯೋಗ 1968ರಲ್ಲಿ ಢಾಕಾದಲ್ಲಿ ನಡೆಯಿತು. 1971ರಲ್ಲಿ ಗಡಿಯ ಈಚೆಗೆ, ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ, ಡ್ರಿಪ್ ಬಾಟಲಿ ಮುಗಿದುಹೋದಾಗ ನಮ್ಮ ವೈದ್ಯ ದಿಲೀಪ್ ಮಹಲನಬೀಸರು ಅದನ್ನು ಸಾವಿರಾರು ಜನಕ್ಕೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕರೊಳಗೆ ಇಳಿಯಿತು. 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1.2 ಕೋಟಿಗೂ ಹೆಚ್ಚು ಮನೆಗಳ ಹೊಸ್ತಿಲಲ್ಲಿ ಕೂತು, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿದರು. ತಾಯಿ ಎಷ್ಟು ನೆನಪಿಟ್ಟುಕೊಂಡಳು ಎಂಬುದನ್ನು ನೋಡಿ ಕಲಿಸಿದವಳ ಕೂಲಿಯನ್ನು ಲೆಕ್ಕ ಹಾಕುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಅಕ್ಕನ ಎರಡು ವರ್ಷದ ಮಗನಿಗೆ ವಾಂತಿಭೇದಿ ಹತ್ತಿತು. ಹೊಟ್ಟೆ ನಿಲ್ಲಬೇಕಾದರೆ ನೀರು ಕೊಡಬಾರದು ಎಂದು ಅಜ್ಜಿ ತಂಬಿಗೆಯನ್ನೇ ಎತ್ತಿಟ್ಟಿದ್ದರು. ಮಗುವಿನ ಕಣ್ಣು ಗುಳಿಬಿದ್ದು, ನೆತ್ತಿಯ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಸಂಜೆ ಊರಿನ ನರ್ಸಮ್ಮ ಬಂದರು, ಅಡಿಗೆಮನೆಗೆ ನಡೆದರು, ಉಪ್ಪು ಬೆಲ್ಲದ ಡಬ್ಬಿ ಎಲ್ಲಿ ಎಂದು ಕೇಳಿದರು. ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ ಅಕ್ಕನ ಕೈಗೆ ಕೊಟ್ಟು, “ಒಂದೇ ಸಲ ಕುಡಿಸಬೇಡ ಕಣಮ್ಮ, ಚಮಚ ಚಮಚ ಬಿಡ್ತಾ ಇರು, ಕಕ್ಕಿದರೂ ಬಿಡು” ಎಂದರು. ಆ ಪಾಕ ಯಾವ ಊರಿನಿಂದ ಹೊರಟು ನಮ್ಮ ಅಡಿಗೆಮನೆಗೆ ಬಂದಿತ್ತು ಎಂದು ಅಂದು ಯಾರೂ ಕೇಳಲಿಲ್ಲ. ಅಕ್ಕ ರಾತ್ರಿಯಿಡೀ ಚಮಚ ಹಿಡಿದು ಕೂತಳು. ಬೆಳಗಿನ ಜಾವ ಮಗು ಉಚ್ಚೆ ಹೊಯ್ಯಿತು. ಒದ್ದೆಯಾದ ಸೀರೆಯಲ್ಲೇ ಎದ್ದು ಅವಳು ನಮ್ಮೆಲ್ಲರನ್ನೂ ಕೂಗಿ ಎಬ್ಬಿಸಿದಳು.